ಸೋರುವ ಸೂರಿನ ಕೆಳಗಿರುವ ಮಗಳಿಗೆ

ಕನಕಪುರ

ಚಿ. ಸೌ. ರಮ್ಯಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ದೊಡ್ಡಮ್ಮನ ಮಂಡಿನೋವು ಮೊದಲಿನಷ್ಟಿಲ್ಲ. ಆದರೆ ರಾಮನಗರದ ನಿಮ್ಮ ಬಾಡಿಗೆ ಮನೆ ಸೋರುತ್ತಿದೆ ಎಂದು ಫೋನಿನಲ್ಲಿ ನಿನ್ನ ದನಿ ಕೇಳಿದಾಗಿನಿಂದ ಅವಳಿಗೆ ನೆಮ್ಮದಿಯಿಲ್ಲ, ನನಗೂ ಅಷ್ಟೆ. ಬಾಯಲ್ಲಿ ಹೇಳಿದರೆ ಅಡುಗೆಮನೆಗೂ ಮಗುವಿಗೂ ಓಡಾಡುತ್ತಾ ಅರ್ಧ ಮರೆತುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಇದನ್ನು ಓದಿ ಮುಗಿಸುವ ಮೊದಲೇ ಎರಡು ಕೆಲಸ ಮಾಡು. ಮಗುವಿನ ಹಾಸಿಗೆಯನ್ನು ಆ ತೇವದ ಗೋಡೆಯಿಂದ ಈಚೆಗೆ ಎಳೆ. ಫೋಟೋದಲ್ಲಿ ನೋಡಿದೆ, ಬಣ್ಣ ಹಪ್ಪಳದ ಹಾಗೆ ಉಬ್ಬಿ, ಕೆಳಗೆ ಗಿಲಾವು ಕರ್ರಗಾಗಿದೆ. ಆ ಬೂಷ್ಟಿನ ಪಕ್ಕ ಮಲಗಿದರೆ ಕೆಮ್ಮು ಎಲ್ಲಿಂದ ಬಿಟ್ಟೀತು? ಎರಡನೆಯದು ಸ್ವಿಚ್ ಬೋರ್ಡು. ನೀರಿನ ಗೆರೆ ಅದರ ಮೇಲಿನವರೆಗೂ ಇಳಿದಿದೆ. ಆ ಕೋಣೆಯ ಎಂಸಿಬಿ ಇಳಿಸಿಬಿಡು, ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಮುಟ್ಟಬೇಡ. ಮೀಟರಿನವರೆಗಿನದ್ದಕ್ಕೆ ಬೆಸ್ಕಾಂನವರ 1912ಕ್ಕೆ ಹೇಳಬಹುದು, ಮನೆಯೊಳಗಿನ ವೈರಿಂಗಿಗೆ ಅವರು ಬರುವುದಿಲ್ಲ. ಕರೆಂಟಿನ ವಿಷಯದಲ್ಲಿ ಓನರು ಒಪ್ಪಲಿ ಎಂದು ಕಾಯಬೇಡ, ಮೊದಲು ಸರಿಮಾಡಿಸು. ಲೆಕ್ಕ ಆಮೇಲೆ ನೋಡಿಕೊಳ್ಳೋಣ.

ನಿನಗೆ ಗೊತ್ತಲ್ಲ, ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂತು ಪತ್ರ ಬರೆದೇ ನಾನು ಈ ಸಂಸಾರ ಸಾಗಿಸಿದ್ದು. ಕ್ರಯಪತ್ರ, ವಿಭಾಗಪತ್ರ, ಭೋಗ್ಯಪತ್ರ, ಬಾಡಿಗೆ ಕರಾರು. ಆಗೆಲ್ಲ ಈ ಸೀಮೆಯಲ್ಲಿ ಬಾಡಿಗೆಗೆ ಸಿಗುತ್ತಿದ್ದದ್ದು ಹಂಚಿನ ಮನೆ, ಇಲ್ಲವೇ ಕಲ್ಲುಚಪ್ಪಡಿ ಹೊದಿಸಿದ ಮನೆ. ಮುಂಗಾರಿಗೆ ಮೊದಲು ಮಾಲೀಕನೇ ಆಳು ಕಳಿಸಿ ಹಂಚು ಸರಿಮಾಡಿಸುತ್ತಿದ್ದ, ಚಪ್ಪಡಿಯ ಸಂದಿಗೆ ಗಾರೆ ತುಂಬಿಸುತ್ತಿದ್ದ. ಅದು ರೂಢಿ. ಯಾರೂ ಕೇಳಬೇಕಿರಲಿಲ್ಲ, ಯಾರೂ ಬರೆದುಕೊಳ್ಳಲೂ ಇಲ್ಲ. ಆಮೇಲೆ ಮೋಲ್ಡ್ ಮನೆಗಳು ಬಂದವು. ಬಿಡದಿ, ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳಾದವು, 2007ರಲ್ಲಿ ರಾಮನಗರ ಜಿಲ್ಲೆಯಾಯಿತು. ಬಾಡಿಗೆಗೆಂದೇ ಹಳೇ ಮನೆಯ ಮೇಲೊಂದು ಅಂತಸ್ತು ಎಬ್ಬಿಸುವುದು ಎಲ್ಲ ಬೀದಿಯಲ್ಲೂ ಶುರುವಾಯಿತು. ತಾರಸಿಗೆ ಸರಿಯಾಗಿ ವಾಟ ಕೊಡದೆ ಆತುರದಲ್ಲಿ ಮುಗಿಸಿದ ಮನೆಗಳು ಈಗ ಸೋರುತ್ತಿವೆ. ಹಳೆಯ ರೂಢಿ ಹಂಚಿನ ಜೊತೆಗೇ ಹೋಯಿತು.

ಕರಾರು ಮಾತ್ರ ಹಳೆಯದೇ ಉಳಿಯಿತು. ನೀನು ಕಳಿಸಿದ ಪ್ರತಿಯನ್ನು ಓದಿದೆ, ಪ್ರತಿ ಸಾಲೂ ಪರಿಚಯದ್ದು. ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ಬಾಡಿಗೆ ಸಂದಾಯ ಮಾಡತಕ್ಕದ್ದು. ಸದರಿ ಮನೆಯನ್ನು ಒಳಬಾಡಿಗೆಗೆ ಕೊಡಕೂಡದು. ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳತಕ್ಕದ್ದು. ಮಾಲೀಕರು ಕೇಳಿದಾಗ ಯಾವುದೇ ತಂಟೆ ತಕರಾರಿಲ್ಲದೆ ಬಿಟ್ಟುಕೊಡತಕ್ಕದ್ದು. ಇಷ್ಟೆಲ್ಲ ಇದೆ, ಸೂರು ಸೋರಿದರೆ ಯಾರು ಮಾಡಿಸಬೇಕು ಎನ್ನುವುದೊಂದೇ ಇಲ್ಲ. ಇಂಥ ಕರಾರುಗಳನ್ನು ನಾನೇ ಎಷ್ಟೋ ಬರೆದೆ. ಫೀಸು ಕೊಡುತ್ತಿದ್ದವರು ಮಾಲೀಕರು, ಅವರು ಹೇಳಿದಂತೆ ಬರೆದುಕೊಟ್ಟೆ. ಪಕ್ಕದಲ್ಲಿ ನಿಂತಿದ್ದ ಬಾಡಿಗೆದಾರನಿಗೆ ರಿಪೇರಿ ಮಾತೊಂದನ್ನು ಸೇರಿಸಿಕೊಳ್ಳಪ್ಪ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಅದು ನನ್ನ ತಪ್ಪು. ಈಗ ಅದೇ ಕರಾರು ನಿನ್ನ ಕೈಗೆ ಬಂದಿದೆ.

ಕಾನೂನು ಏನನ್ನುತ್ತದೆ ಎಂದು ಕೇಳಿದೆಯಲ್ಲ, ಹೇಳುತ್ತೇನೆ, ನಿಧಾನವಾಗಿ ಓದು. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಬ್ರಿಟಿಷರ ಕಾಲದ್ದು, ಇಂದಿಗೂ ನಡೆಯುತ್ತಿದೆ. ಅದರ 108ನೇ ಕಲಮಿನಲ್ಲಿ ಬಾಡಿಗೆದಾರನಿಗೆ ಒಂದು ಹಕ್ಕಿದೆ. ಮಾಲೀಕ ತಾನು ಮಾಡಿಸಬೇಕಾದ ರಿಪೇರಿಯನ್ನು ನೋಟಿಸು ಕೊಟ್ಟ ಮೇಲೂ ತಕ್ಕ ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ, ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು, ಇಲ್ಲವೇ ಬೇರೆ ರೀತಿಯಲ್ಲಿ ವಸೂಲು ಮಾಡಬಹುದು. ಕೇಳಿದರೆ ಎಷ್ಟು ಚೆನ್ನಾಗಿದೆ! ಆದರೆ 'ತಾನು ಮಾಡಿಸಬೇಕಾದ' ಎನ್ನುವ ಕಡೆ ಸ್ವಲ್ಪ ನಿಲ್ಲು. ಮಾಡಿಸಬೇಕು ಎನ್ನುವುದು ಕರಾರಿನಿಂದಲೋ ಬೇರೆ ಕಾಯ್ದೆಯಿಂದಲೋ ಊರಿನ ವಾಡಿಕೆಯಿಂದಲೋ ಬರಬೇಕು. ಕರಾರು ಸುಮ್ಮನಿದ್ದರೆ ಮಾಲೀಕನ ವಕೀಲರು ಹಿಡಿಯುವುದು ಅಲ್ಲೇ. ಇನ್ನು ಕರ್ನಾಟಕ ಬಾಡಿಗೆ ಕಾಯ್ದೆ, 1999ರದ್ದು, 2001ರ ಕೊನೆಯ ದಿನ ಜಾರಿಗೆ ಬಂತು. ಅದು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಮಿಕ್ಕ ಕಡೆ 2,000 ರೂಪಾಯಿ ಬಾಡಿಗೆ ಮೀರಿದ ಮನೆಗಳಿಗೆ ತಾಗುವುದೇ ಇಲ್ಲ. ಈಗ ರಾಮನಗರದಲ್ಲಿ ಆ ದುಡ್ಡಿಗೆ ಯಾವ ಮನೆ ಸಿಗುತ್ತದೆ, ನೀನೇ ಹೇಳು.

ನಿಮ್ಮದು ತಿಂಗಳ ಬಾಡಿಗೆ, ಅದೇ ಒಂದು ಪುಣ್ಯ. ನಮ್ಮ ಕಡೆ ಎಷ್ಟೋ ಜನ ಲಕ್ಷಗಟ್ಟಲೆ ಕೊಟ್ಟು ಭೋಗ್ಯಕ್ಕೆ ಇದ್ದಾರೆ. ಬಾಡಿಗೆಯೇ ಇಲ್ಲದ ಮೇಲೆ ಯಾವುದರಲ್ಲಿ ಮುರಿದುಕೊಳ್ಳುವುದು? ದುಡ್ಡೆಲ್ಲ ಮಾಲೀಕನ ಕೈಯಲ್ಲಿ, ಕಾಲಾವಧಿ ಮುಗಿಯುವ ತನಕ ಏಳುವ ಹಾಗೂ ಇಲ್ಲ. ಭೋಗ್ಯಕ್ಕೆ ಹೋಗುವ ಯೋಚನೆ ಅಳಿಯಂದಿರಿಗೆ ಇದೆ ಎಂದು ನೀನು ಹಿಂದೆ ಹೇಳಿದ್ದೆ. ಆ ಪತ್ರಕ್ಕೆ ಸಹಿ ಹಾಕುವ ಮೊದಲು ನನಗೊಮ್ಮೆ ತೋರಿಸಿ.

ಈ ತಿಂಗಳಿಂದ ಬಾಡಿಗೆ ನಿಲ್ಲಿಸಿಬಿಡೋಣ, ಆಗ ದಾರಿಗೆ ಬರುತ್ತಾರೆ ಎಂದು ಅಳಿಯಂದಿರು ಅನ್ನುತ್ತಿದ್ದಾರಂತೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಬಿಡದಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದವರಿಗೆ ಒಣಗಿದ ಜಾಗ ಬೇಡವೇ? ಆದರೂ ಬೇಡವೆಂದು ಹೇಳು. ರಾಮನಗರದಲ್ಲೇ ನನಗೆ ಗೊತ್ತಿದ್ದ ಒಬ್ಬ ರೇಷ್ಮೆ ಬಿಚ್ಚುವವನು ಹೀಗೆ ಮಾಡಿದ. ಮುಂದೆ ಬಿಚ್ಚಣಿಕೆಯ ಶೆಡ್ಡು, ಹಿಂದೆ ಎರಡು ಕೋಣೆ, ಎಲ್ಲ ಒಬ್ಬನದೇ ಬಾಡಿಗೆ. ಶೀಟು ಒಡೆದು ಮಾರುಕಟ್ಟೆಯಿಂದ ತಂದಿಟ್ಟ ಗೂಡಿನ ಮೇಲೇ ನೀರು ಬೀಳುತ್ತಿತ್ತು. ಹೇಳಿ ಹೇಳಿ ಸಾಕಾಗಿ ಬಾಡಿಗೆ ನಿಲ್ಲಿಸಿದ. ಕೆಲವು ತಿಂಗಳಾದ ಮೇಲೆ ಬಂದದ್ದು ಶೀಟಲ್ಲ, ಬಾಡಿಗೆ ಬಾಕಿಯ ವಕೀಲರ ನೋಟಿಸು. ನಾನು ಎಷ್ಟು ಸಲ ಹೇಳಿದೀನಿ ಗೊತ್ತಾ ಸಾರ್ ಎಂದು ನನ್ನ ಮುಂದೆ ಕಣ್ಣೀರು ಹಾಕಿದ. ಹೇಳಿದ್ದಕ್ಕೆ ಒಂದು ಚೀಟಿಯೂ ಇರಲಿಲ್ಲ. ಬಾಕಿ ಉಳಿಸಿಕೊಂಡದ್ದಕ್ಕೆ ಮಾತ್ರ ಲೆಕ್ಕವಿತ್ತು. ತೊಂದರೆ ಪಟ್ಟವನೇ ಸುಸ್ತಿದಾರನಾದ, ಕೊನೆಗೆ ಖಾಲಿ ಮಾಡಿಕೊಂಡು ಹೋದ. ಬಾಡಿಗೆಯನ್ನು ತಪ್ಪದೆ, ಫೋನ್‌ಪೇಯಲ್ಲೋ ಬ್ಯಾಂಕಿನಲ್ಲೋ ಗುರುತು ಉಳಿಯುವ ಹಾಗೆ ಕಟ್ಟುತ್ತಾ ಹೋಗಿ. ಬಾಡಿಗೆ ಸರಿಯಾಗಿ ಕಟ್ಟುವವರ ಮಾತಿಗೆ ಎಲ್ಲಿ ಹೋದರೂ ತೂಕವಿರುತ್ತದೆ.

ಹಾಗಾದರೆ ಏನು ಮಾಡಲಿ ಎನ್ನುತ್ತೀಯ. ಬರವಣಿಗೆಯಲ್ಲಿ ಕೇಳಮ್ಮ.

ನಿನ್ನ ಸಂಕೋಚ ನನಗೆ ತಿಳಿಯದ್ದಲ್ಲ. ಓನರಮ್ಮ ಕೆಳಗೇ ಇದ್ದಾರೆ, ಬೆಳಿಗ್ಗೆ ಎದ್ದರೆ ಮುಖ ನೋಡಬೇಕು, ಹಬ್ಬಕ್ಕೆ ಒಬ್ಬಟ್ಟು ಕೊಡುತ್ತಾರೆ, ಮಗುವನ್ನು ಎತ್ತಿಕೊಳ್ಳುತ್ತಾರೆ. ಅಂಥವರಿಗೆ ಕಾಗದ ಬರೆಯುವುದೆಂದರೆ ಜಗಳ ತೆಗೆದ ಹಾಗಲ್ಲವೇ ಎಂದು ನಿನ್ನ ಭಯ. ನಮ್ಮ ಊರುಗಳಲ್ಲಿ ಬಾಡಿಗೆದಾರರು ಸೋಲುವುದು ಈ ದಾಕ್ಷಿಣ್ಯಕ್ಕೇ ಎಂದು ನನಗೆ ಅನ್ನಿಸುತ್ತದೆ. ಆದರೆ ಯೋಚನೆ ಮಾಡಿ ನೋಡು. ಕೇಳಿದಾಗಲೆಲ್ಲ ಆಕೆ 'ಮಗನ್ನ ಕೇಳ್ಬೇಕು ಕಣಮ್ಮ' ಎನ್ನುತ್ತಾರೆ. ದುಡ್ಡು ಬಿಚ್ಚುವವನು ಬೆಂಗಳೂರಿನಲ್ಲಿರುವ ಮಗ. ಕೆಳಗಿನ ಮನೆಯಲ್ಲಿ ನೀನು ಆಡಿದ ಮಾತು ಅವನ ಕಿವಿಗೆ ಮುಟ್ಟುವಾಗ ಎಷ್ಟು ಉಳಿದಿರುತ್ತದೋ. ಕಾಗದ, ಫೋಟೋ, ಖರ್ಚಿನ ಅಂದಾಜು ಇದ್ದರೆ ಆಕೆಯೇ ಅವನಿಗೆ ಕಳಿಸಬಹುದು. ನಿನ್ನ ಕಾಗದ ಆಕೆಗೂ ಒಂದು ಅನುಕೂಲವೇ.

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರೊಬ್ಬರು ಹೀಗೇ ಗೆದ್ದರು. ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಆಲೆ ಮರದ ತುಂಡುಗಳನ್ನು ಒಣಗಲು ಪೇರಿಸಿದ್ದರು. ಮರ ಚೆನ್ನಾಗಿ ಒಣಗದಿದ್ದರೆ ಕಡೆದ ಮೇಲೆ ಸೀಳು ಬಿಡುತ್ತದೆ, ಅರಗಿನ ಬಣ್ಣ ಕೂರುವುದಿಲ್ಲ. ಮಳೆ ಬಂದಾಗಲೆಲ್ಲ ಮೂಲೆಯಿಂದ ನೀರು. ಅವರು ನನ್ನ ಹತ್ತಿರ ಬಂದು ಒಂದು ಅರ್ಜಿ ಬರೆಸಿಕೊಂಡರು. ಗಾರೆ ಮೇಸ್ತ್ರಿಯನ್ನು ತಾರಸಿಗೆ ಹತ್ತಿಸಿ ಖರ್ಚಿನ ಅಂದಾಜು ಬರೆಸಿದರು. ಎರಡನ್ನೂ ತಾವೇ ಕೊಂಡುಹೋಗಿ ಮಾಲೀಕರ ಕೈಗಿತ್ತು, ಒಂದು ಪ್ರತಿಯಲ್ಲಿ ತಲುಪಿತು ಎಂದು ಸಹಿ ಹಾಕಿಸಿಕೊಂಡರು. ಮಾಲೀಕರು, ನನ್ನ ಹತ್ತಿರ ಈಗ ದುಡ್ಡಿಲ್ಲ, ನೀವೇ ಮಾಡಿಸಿ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಮುರಿದುಕೊಳ್ಳಿ ಎಂದು ಅದರ ಹಿಂದೆಯೇ ಬರೆದುಕೊಟ್ಟರು. ಅವರು ಅದೇ ಮನೆಯಲ್ಲಿ ಬಹಳ ಕಾಲ ಇದ್ದರು, ಮಾಲೀಕರ ಜೊತೆಗೂ ಚೆನ್ನಾಗಿದ್ದರು.

ನೀನೂ ಹಾಗೆ ಮಾಡು. ಕರಾರಿನಲ್ಲಿ ಯಾರ ಹೆಸರಿದೆಯೋ ಅವರ ಹೆಸರಿಗೇ ಕಾಗದ ಇರಲಿ, ಮಗನಿಗೊಂದು ಪ್ರತಿ ಹೋಗಲಿ. ಸೋರುವುದು ಎಂದಿನಿಂದ, ಎಲ್ಲಿ, ಮಗುವಿಗೆ ಏನಾಗುತ್ತಿದೆ, ಇಷ್ಟನ್ನು ನಯವಾಗಿ ಬರೆ. ಹದಿನೈದು ದಿನ ಸಮಯ ಕೊಡು. ಆಕೆ ವಾಟ್ಸಾಪಿನಲ್ಲಿ 'ಹಬ್ಬ ಕಳೀಲಿ, ಮಾಡಿಸ್ತೀವಿ' ಎಂದು ಕಳಿಸಿದ ಮಾತನ್ನು ಅಳಿಸಬೇಡ, ಅದೊಂದು ಆಧಾರ. ಕೈಯಲ್ಲಿ ತೆಗೆದುಕೊಳ್ಳದಿದ್ದರೆ ಅಂಚೆಗೆ ಹಾಕು. ನಾವು ನೆಚ್ಚಿಕೊಂಡಿದ್ದ ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಅದರಲ್ಲೇ ಕಳಿಸಿ ರಸೀದಿ ಇಟ್ಟುಕೊ. ಅವರ ಒಪ್ಪಿಗೆ ಬರವಣಿಗೆಯಲ್ಲಿ ಬಂದ ಮೇಲೆಯೇ ತಾರಸಿ ಕೆಲಸಕ್ಕೆ ಕೈ ಹಾಕು, ನಿಮ್ಮ ಕರಾರು ಆ ವಿಷಯದಲ್ಲಿ ಸುಮ್ಮನಿರುವುದರಿಂದ ನೀವೇ ನಿರ್ಧರಿಸಿ ಬಾಡಿಗೆ ಮುರಿದುಕೊಳ್ಳುವುದು ಬೇಡ.

ಯಾವ ರಿಪೇರಿ ಯಾರದ್ದು ಎಂದು ವಾದ ಬಂದರೆ ಕೇಂದ್ರದವರು 2021ರಲ್ಲಿ ಮಾಡಿದ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿ ತೋರಿಸು. ರಾಜ್ಯ ತನ್ನ ಕಾಯ್ದೆಯಾಗಿ ಮಾಡಿಕೊಳ್ಳದೆ ಅದಕ್ಕೆ ಬಲವಿಲ್ಲ, ಆದರೂ ಹಂಚಿಕೆ ನ್ಯಾಯವಾಗಿದೆ. ಕಟ್ಟಡದ ರಿಪೇರಿ, ಪೈಪು ಬದಲಾಯಿಸುವುದು, ವೈರಿಂಗು, ಗೋಡೆಗೆ ಸುಣ್ಣ ಮಾಲೀಕನದ್ದು. ನಲ್ಲಿಯ ವಾಷರು, ಮೋರಿ ಕಟ್ಟಿದ್ದು ತೆಗೆಸುವುದು, ಸ್ವಿಚ್ಚು, ಬಾಗಿಲ ಬೀಗ, ಕಿಟಕಿಯ ಗಾಜು ಬಾಡಿಗೆದಾರನದ್ದು. ನಿನ್ನ ಪಾಲಿನದ್ದನ್ನು ನೀನು ಮಾಡಿಸಿಕೊಂಡಿದ್ದರೆ ಕೇಳುವುದಕ್ಕೆ ಧೈರ್ಯವಿರುತ್ತದೆ. ನಿಮ್ಮ ಹನ್ನೊಂದು ತಿಂಗಳ ಕರಾರು ಮುಗಿದು ಹೊಸದಾಗಿ ಬರೆಯುವಾಗ ಈ ಸಾಲನ್ನು ಸೇರಿಸಿ ಎಂದು ಹೇಳು: ಸದರಿ ಮನೆಯ ಸೂರು, ಗೋಡೆ, ಪೈಪು ಮತ್ತು ವೈರಿಂಗಿನ ರಿಪೇರಿಯನ್ನು ಮಾಲೀಕರು ಮಾಡಿಸತಕ್ಕದ್ದು, ಲಿಖಿತವಾಗಿ ತಿಳಿಸಿದ 15 ದಿನಗಳೊಳಗೆ ಮಾಡಿಸದಿದ್ದಲ್ಲಿ ಬಾಡಿಗೆದಾರರು ಮಾಡಿಸಿ, ಖರ್ಚನ್ನು ಬಾಡಿಗೆಯಲ್ಲಿ ವಜಾ ಮಾಡಿಕೊಳ್ಳತಕ್ಕದ್ದು.

ಇಷ್ಟಕ್ಕೂ ಬಗ್ಗದಿದ್ದರೆ ರಾಮನಗರದ ಕೋರ್ಟಿನಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ, 1987ರ ಕಾಯ್ದೆಯೇ ಹಾಗೆ ಹೇಳುತ್ತದೆ. 15100ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ. ನಗರಸಭೆಗೂ ಅರ್ಜಿ ಕೊಡಬಹುದು, ಆದರೆ ಕಟ್ಟಡ ಬೀಳುವ ಹಾಗಿದೆ ಎಂದು ಅವರು ನಿರ್ಧರಿಸಿದರೆ ನಿಮ್ಮನ್ನೇ ಮೊದಲು ಖಾಲಿ ಮಾಡಿಸಬಹುದು, ಅದು ನೆನಪಿರಲಿ. ಮನೆ ಬಿಡುವುದಾದರೆ ಕರಾರಿನಲ್ಲಿ ಎಷ್ಟು ದಿನದ ನೋಟಿಸು ಎಂದಿದೆಯೋ ಅಷ್ಟನ್ನು ಬರವಣಿಗೆಯಲ್ಲಿ ಕೊಟ್ಟು ಬಿಡು, ಅಡ್ವಾನ್ಸು ಕೇಳುವಾಗ ಅದೇ ಕೈಹಿಡಿಯುತ್ತದೆ. ಬಿಡುವುದರಲ್ಲಿ ಅವಮಾನವೇನೂ ಇಲ್ಲ, ಮಗುವಿನ ಎದೆಗಿಂತ ಆ ಮನೆ ಹೆಚ್ಚಲ್ಲ.

ಕಾಗದದ ಕರಡನ್ನು ನಾನೇ ಬರೆದು ಇದರ ಜೊತೆ ಇಟ್ಟಿದ್ದೇನೆ. ತಾರೀಖು ಮತ್ತು ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ, ತುಂಬಿಕೊ. ನಿನ್ನ ಅಕ್ಷರದಲ್ಲೇ ಬರೆ, ಟೈಪು ಬೇಡ. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ನಮ್ಮ ಮೇಸ್ತ್ರಿಯನ್ನೂ ಕರೆತರುತ್ತೇನೆ, ತಾರಸಿ ನೋಡಿ ಅಂದಾಜು ಬರೆದುಕೊಡಲಿ. ಓನರಮ್ಮನ ಹತ್ತಿರ ಇಬ್ಬರೂ ಹೋಗೋಣ, ಮಾತು ನೀನಾಡು, ನಾನು ಪಕ್ಕದಲ್ಲಿರುತ್ತೇನೆ. ದೊಡ್ಡಮ್ಮ ಮಗುವಿಗೆಂದು ದೊಡ್ಡಪತ್ರೆ ಎಲೆ ಕಳಿಸುತ್ತಾಳೆ. ಕೆಮ್ಮು ಅಷ್ಟರಲ್ಲಿ ಇಳಿಯದಿದ್ದರೆ ನನಗಾಗಿ ಕಾಯಬೇಡ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.

ಇತಿ ನಿನ್ನ ಪ್ರೀತಿಯ
ದೊಡ್ಡಪ್ಪ