ಜಾಲತಾಣಕ್ಕೆ ಸ್ಪ್ಯಾಮ್ ಕಾಟವೇ? ಬಾಟ್‌ಗಳನ್ನು ತಡೆಯುವುದು ಹೀಗೆ

ಸಂಘಕ್ಕೋ ಶಾಲೆಗೋ ಒಂದು ಜಾಲತಾಣ ಮಾಡಿ, ಓದಿದವರು ಅನಿಸಿಕೆ ಬರೆಯಲಿ ಎಂದು ಜಾಗ ಬಿಟ್ಟಿರುತ್ತೀರಿ. ನೋಡನೋಡುತ್ತಲೇ ಅಲ್ಲಿ ಜೂಜು, ಸಾಲ, ಮಾತ್ರೆಗಳ ಜಾಹೀರಾತು ತುಂಬಿಕೊಳ್ಳುತ್ತದೆ. ಬಹುಪಾಲು ಇದನ್ನು ಬರೆಯುವುದು ಮನುಷ್ಯರಲ್ಲ, ತೆರೆದ ಫಾರ್ಮ್‌ಗಳನ್ನು ಹುಡುಕುತ್ತ ಅಲೆಯುವ ಬಾಟ್ ಎಂಬ ತಂತ್ರಾಂಶ.

ಓದುವವರೇ ಕಡಿಮೆ ಇರುವ ತಾಣಕ್ಕೂ ಯಾಕೆ ಈ ಕಾಟ? ಬಾಟ್‌ಗೆ ಮುಖ್ಯವಾಗಿ ಬೇಕಿರುವುದು ಓದುಗರಲ್ಲ, ನಿಮ್ಮ ಪುಟದಲ್ಲೊಂದು ಲಿಂಕ್. ಒಂದು ಪುಟಕ್ಕೆ ಬೇರೆಡೆಯಿಂದ ಎಂಥ ಲಿಂಕ್‌ಗಳಿವೆ ಎಂಬುದನ್ನೂ ಗೂಗಲ್ ತನ್ನ ಹುಡುಕಾಟದಲ್ಲಿ ಲೆಕ್ಕಕ್ಕೆ ಹಿಡಿಯುತ್ತದೆ. ಅದಕ್ಕೇ ಕಂಡಕಂಡಲ್ಲಿ ಲಿಂಕ್ ಬಿತ್ತುವ ಈ ದಂಧೆ. ಯಾರೂ ನೋಡಿಕೊಳ್ಳದ ತಾಣವೆಂದರೆ ಅದಕ್ಕೆ ಇನ್ನೂ ಅನುಕೂಲ, ಹಾಕಿದ ಲಿಂಕ್ ಅಳಿಸುವವರಿರುವುದಿಲ್ಲ. ಇದನ್ನು ತಡೆಯಲೆಂದೇ 2005ರಲ್ಲಿ ‘ನೋಫಾಲೋ’ ಎಂಬ ಗುರುತು ಬಂತು. ಆ ಗುರುತಿರುವ ಲಿಂಕ್‌ನಿಂದ ಹಾಕಿದವರಿಗೆ ಹೆಚ್ಚು ಲಾಭವಿಲ್ಲ. ಜಾಲತಾಣ ನಡೆಸುವ ವರ್ಡ್‌ಪ್ರೆಸ್ ತಂತ್ರಾಂಶ ಅನಿಸಿಕೆಗಳಲ್ಲಿನ ಲಿಂಕ್‌ಗೆ ಅದನ್ನು ತಾನೇ ಹಚ್ಚುತ್ತದೆ. ಆದರೆ ಬಾಟ್ ಅದನ್ನೆಲ್ಲ ನೋಡುತ್ತ ಕೂರುವುದಿಲ್ಲ, ಬರುವುದೂ ನಿಲ್ಲುವುದಿಲ್ಲ.

ಹಾಗಾಗಿ ಮೊದಲು ಮಾಡಬೇಕಾದ್ದು, ಹೊಸಬರ ಮೊದಲ ಬರಹ ನಿಮ್ಮ ಒಪ್ಪಿಗೆಯಿಲ್ಲದೆ ಪ್ರಕಟವಾಗದಂತೆ ಸೆಟ್ಟಿಂಗ್ ಬದಲಿಸುವುದು. ಒಮ್ಮೆ ಒಪ್ಪಿಗೆ ಸಿಕ್ಕವರ ಮುಂದಿನ ಬರಹ ನೇರವಾಗಿ ಬರಲಿ. ಎರಡಕ್ಕಿಂತ ಹೆಚ್ಚು ಲಿಂಕ್ ಇದ್ದರೆ ಯಾರದ್ದಾದರೂ ತಡೆದಿಡಿ. ಹಳೆಯ ಲೇಖನಗಳಿಗೆ ಅನಿಸಿಕೆ ಮುಚ್ಚಿಬಿಡಿ.

ಮುಂದಿನದು ನನಗೆ ಬಹಳ ಹಿಡಿಸಿದ ಉಪಾಯ. ಫಾರ್ಮ್‌ನಲ್ಲಿ ಕಣ್ಣಿಗೆ ಕಾಣದ ಒಂದು ಖಾನೆ ಇಡುವುದು. ಜನ ಅದನ್ನು ಖಾಲಿ ಬಿಡುತ್ತಾರೆ, ಎಷ್ಟೋ ಬಾಟ್‌ಗಳು ತುಂಬಿ ಸಿಕ್ಕಿಬೀಳುತ್ತವೆ. ಪರದೆ ಓದುವ ತಂತ್ರಾಂಶ ಬಳಸುವ ಅಂಧರು ಅದರಲ್ಲಿ ಎಡವದಂತೆ, ಆ ತಂತ್ರಾಂಶಕ್ಕೂ ಖಾನೆಯನ್ನು ಮರೆಮಾಡಲು ಡೆವಲಪರ್‌ಗೆ ಮರೆಯದೆ ಹೇಳಿ. ಪುಟ ತೆರೆದ ಎರಡು ಮೂರು ಸೆಕೆಂಡಿನಲ್ಲೇ ತುಂಬಿ ಬಂದ ಫಾರ್ಮನ್ನೂ ತಿರಸ್ಕರಿಸಬಹುದು. ಅಷ್ಟು ಬೇಗ ಯಾರೂ ಟೈಪ್ ಮಾಡಲಾರರು.

ಕನ್ನಡ ತಾಣಗಳಿಗೆ ಇನ್ನೊಂದು ಅನುಕೂಲವಿದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ವಲಯವಿದೆ. ಬರಹದಲ್ಲಿ ಆ ವಲಯದ ಒಂದಕ್ಷರವೂ ಇಲ್ಲದಿದ್ದರೆ ಪರಿಶೀಲನೆಗೆ ಕಳಿಸುವ ನಿಯಮ ಹಾಕಿದರೆ, ಇಂಗ್ಲಿಷ್, ರಷ್ಯನ್ ಸ್ಪ್ಯಾಮ್ ಅಲ್ಲೇ ನಿಲ್ಲುತ್ತದೆ. ಆದರೆ ಅಳಿಸುವಂತೆ ಮಾಡಬೇಡಿ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುವವರು ನಮ್ಮಲ್ಲಿ ಬಹಳ.

ಚಿತ್ರ ಗುರುತಿಸುವ ಕ್ಯಾಪ್ಚಾ ಮಾತ್ರ ಕೊನೆಯ ಅಸ್ತ್ರವಾಗಿರಲಿ. ಹಣ ಕೊಟ್ಟು ಅದನ್ನು ಬಿಡಿಸಿಕೊಳ್ಳುವ ಸೇವೆಗಳೇ ಇವೆ. ಸೋತು ಹಿಂದಿರುಗುವವರು ಕಣ್ಣು ಮಂದವಾದ ಹಿರಿಯರು. ಅವರನ್ನು ಕಳೆದುಕೊಂಡು ತಾಣವನ್ನು ಚೊಕ್ಕಟವಾಗಿಟ್ಟುಕೊಳ್ಳುವುದು ನನಗಂತೂ ಸರಿಕಾಣದು.

ತಂತ್ರಾಂಶ, ಪ್ಲಗಿನ್‌ಗಳನ್ನು ಆಗಾಗ ಅಪ್‌ಡೇಟ್ ಮಾಡುತ್ತಿರಿ. ಸ್ಪ್ಯಾಮ್ ಪೆಟ್ಟಿಗೆಯನ್ನು ಖಾಲಿ ಮಾಡುವ ಮುನ್ನ, ವಾರಕ್ಕೊಮ್ಮೆಯಾದರೂ ಪೂರ್ತಿ ಕಣ್ಣಾಡಿಸಿ. ನಿಜವಾದ ಓದುಗರ ಪತ್ರ ಸಿಕ್ಕರೆ ಪ್ರಕಟಿಸಿ, ತಡವಾದದ್ದಕ್ಕೆ ಅವರಿಗೊಂದು ಉತ್ತರ ಬರೆಯಿರಿ.