ಹಳೆಯ ಎಂಜಿನ್ನಿಗೆ ಎಷ್ಟು ಮಂದವಾದ ಎಣ್ಣೆ?

ಎರಡು ಲಕ್ಷ ಕಿಲೋಮೀಟರು ಓಡಿದ ಕಾರೊಂದು ದುರಸ್ತಿಗೆ ಬಂದಿತೆಂದರೆ, “ಎಂಜಿನ್ ಸಡಿಲವಾಗಿದೆ, ಇನ್ನು ಮೇಲೆ ಗಟ್ಟಿ ಆಯಿಲ್ ಹಾಕಿಸಿ” ಎಂಬ ಸಲಹೆ ಕೇಳಿಬರುವುದು ಸಾಮಾನ್ಯ. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಅದು ಎಷ್ಟರಮಟ್ಟಿನ ಸತ್ಯವೆಂಬುದನ್ನು ಅಳೆದು ನೋಡದೆ ಅನುಸರಿಸಿದರೆ, ಎಂಜಿನ್ನಿನ ರೋಗ ವಾಸಿಯಾಗುವ ಬದಲು ಕಣ್ಣಿಗೆ ಮರೆಯಾಗುವ ಸಂಭವವೇ ಹೆಚ್ಚು. ಅಳೆಯುವುದಕ್ಕೆ ಬೇಕಾದ ಭೌತವಿಜ್ಞಾನ ಬಹುಮಟ್ಟಿಗೆ ಕಾಲೇಜಿನ ಪಠ್ಯದಲ್ಲಿಯೇ ಇದೆ.

ಹರಿಯುವ ದ್ರವದ ಒಂದು ಪದರವು ಇನ್ನೊಂದರ ಮೇಲೆ ಜಾರುವಾಗ ಅವುಗಳ ನಡುವೆ ತಲೆದೋರುವ ಪ್ರತಿರೋಧವನ್ನು ಸ್ನಿಗ್ಧತೆ ಎನ್ನುತ್ತೇವೆ. ಆಡುಮಾತಿನ ‘ಮಂದ’, ‘ತೆಳು’ ಇದನ್ನೇ ಹೇಳುತ್ತವೆ. ಸಾಂದ್ರತೆಯೊಡನೆ ಇದನ್ನು ಬೆರೆಸಬಾರದು. ಎಣ್ಣೆ ನೀರಿಗಿಂತ ಹಗುರ, ಆದರೂ ನೀರಿಗಿಂತ ಬಹಳ ಮಂದ. ಎಣ್ಣೆಯ ವ್ಯವಹಾರದಲ್ಲಿ ಇದರ ಮಾನ ಸೆಂಟಿಸ್ಟೋಕ್. 20 ಡಿಗ್ರಿ ಸೆಲ್ಸಿಯಸ್ಸಿನ ನೀರಿನ ಸ್ನಿಗ್ಧತೆ ಸುಮಾರು 1 ಸೆಂಟಿಸ್ಟೋಕ್. ಎತ್ತಿನ ಗಾಡಿಯ ಅಚ್ಚಿಗೆ ಸವರುತ್ತಿದ್ದ ಹರಳೆಣ್ಣೆಯದು ಸುಮಾರು 1000. ಅಂಗಡಿಗಳಲ್ಲಿ ಸಿಗುವ 15ಡಬ್ಲ್ಯು-40 ಎಂಬ ಎಂಜಿನ್ ಎಣ್ಣೆಯದು 20 ಡಿಗ್ರಿಯಲ್ಲಿ 300ರ ಆಸುಪಾಸು, 40 ಡಿಗ್ರಿಯಲ್ಲಿ 110ರಷ್ಟು, 100 ಡಿಗ್ರಿಯಲ್ಲಿ ಕೇವಲ 14ರಷ್ಟು. ಚಳಿಯ ಬೆಳಿಗ್ಗೆ ಪಾತ್ರೆಯಿಂದ ಇಳಿಯಲೊಲ್ಲದ ಜೋನಿಬೆಲ್ಲ ಒಲೆಯ ಪಕ್ಕದಲ್ಲಿಟ್ಟರೆ ಧಾರೆಯಾಗಿ ಸುರಿಯುವುದಿಲ್ಲವೆ? ಒಂದೇ ಎಣ್ಣೆಯಲ್ಲಿ ಉಷ್ಣತೆಯಿಂದಾಗುವ ವ್ಯತ್ಯಾಸ ಇಪ್ಪತ್ತು ಪಟ್ಟು! ಒಂದು ದರ್ಜೆಗೂ ಮುಂದಿನ ದರ್ಜೆಗೂ ಇರುವ ಅಂತರ ಇದರ ಮುಂದೆ ಅತ್ಯಲ್ಪ.

ಡಬ್ಬಿಯ ಮೇಲಿನ ಎರಡು ಸಂಖ್ಯೆಗಳ ಅರ್ಥವನ್ನು ಇಲ್ಲಿಯೇ ತಿಳಿದುಕೊಳ್ಳಬಹುದು. ‘ಡಬ್ಲ್ಯು’ ಎಂಬುದು ಚಳಿಗಾಲದ ಗುರುತು. ಅದರ ಹಿಂದಿನ ಸಂಖ್ಯೆಯನ್ನು ನಿರ್ಧರಿಸುವ ಪರೀಕ್ಷೆ ಕಡುಚಳಿಯದು: ಎಂಜಿನ್ನನ್ನು ತಿರುಗಿಸಿ ಹೊರಡಿಸುವಷ್ಟು ಎಣ್ಣೆ ಸಡಿಲವಾಗಿದೆಯೇ ಎಂಬುದನ್ನು 15ಡಬ್ಲ್ಯು ಎಣ್ಣೆಗೆ ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ, 20ಡಬ್ಲ್ಯು ಎಣ್ಣೆಗೆ 15 ಡಿಗ್ರಿ ಕೆಳಗೆ ನೋಡುತ್ತಾರೆ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆಯೇ 1884ರ ಜನವರಿಯ 7.8 ಡಿಗ್ರಿ. ಆದಕಾರಣ ನಮ್ಮ ನಾಡಿನಲ್ಲಿ ಮೊದಲ ಸಂಖ್ಯೆಗಾಗಿ ತಲೆಕೆಡಿಸಿಕೊಳ್ಳಬೇಕಾದದ್ದು ಕಡಿಮೆ. ಅದು ಚಿಕ್ಕದಾದಷ್ಟೂ ಬೆಳಗಿನ ಮೊದಲ ಕ್ಷಣಗಳಲ್ಲಿ ಎಣ್ಣೆ ಬೇಗ ಮೇಲೇರುತ್ತದೆ, ಅಷ್ಟೆ. ಎರಡನೆಯ ಸಂಖ್ಯೆ ಕಾದ ಎಣ್ಣೆಯದು. 100 ಡಿಗ್ರಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ ಇದ್ದರೆ 30ನೆಯ ದರ್ಜೆ, ಅಲ್ಲಿಂದ 16.3ರವರೆಗೆ 40, ಮುಂದೆ 21.9ರವರೆಗೆ 50.

ಎಣ್ಣೆ ಲೋಹವನ್ನು ಹೇಗೆ ಕಾಪಾಡುತ್ತದೆ? ಮೇಲ್ಮೈಯನ್ನು ನುಣುಪುಗೊಳಿಸಿ ಎಂದು ಬಹುಮಂದಿ ಭಾವಿಸುತ್ತಾರೆ. ನಿಜವಾದ ಉತ್ತರ ಆಕಸ್ಮಿಕವಾಗಿ ಹೊರಬಿದ್ದಿತು. ಇಂಗ್ಲೆಂಡಿನಲ್ಲಿ ಬೋಷಾಂಪ್ ಟವರ್ ಎಂಬ ಎಂಜಿನಿಯರು ರೈಲಿನ ಅಚ್ಚುಗಳ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದನು. ಅವನ ವರದಿ ಪ್ರಕಟವಾದದ್ದು 1883ರಲ್ಲಿ. ತಿರುಗುವ ಅಚ್ಚಿನ ತಳಭಾಗ ಎಣ್ಣೆಯಲ್ಲಿ ಮುಳುಗಿತ್ತು, ಮೇಲೆ ಬೇರಿಂಗು ಭಾರ ಹೊತ್ತು ಕುಳಿತಿತ್ತು. ಎಣ್ಣೆ ಹೊಯ್ಯಲೆಂದು ಬೇರಿಂಗಿನ ನೆತ್ತಿಯಲ್ಲಿ ರಂಧ್ರವೊಂದನ್ನು ಕೊರೆಯಲಾಯಿತು. ಅಚ್ಚು ತಿರುಗತೊಡಗಿದೊಡನೆ ಒಳಗೆ ಹೋಗಬೇಕಾದ ಎಣ್ಣೆ ಆ ರಂಧ್ರದಿಂದ ಮೇಲಕ್ಕೆ ಉಕ್ಕಿ ಬಂದಿತು. ಬಿರಡೆಯಿಂದ ಮುಚ್ಚಿದರೆ ಬಿರಡೆ ಹೊರಬಿದ್ದಿತು. ಮರದ ಬೆಣೆಯನ್ನು ಬಡಿದರೆ ಅದೂ ನಿಲ್ಲಲಿಲ್ಲ. ಒತ್ತಡಮಾಪಕವನ್ನು ಜೋಡಿಸಿದಾಗ ಮುಳ್ಳು ಚದರ ಅಂಗುಲಕ್ಕೆ 200 ಪೌಂಡುಗಳನ್ನೂ ಮೀರಿತು. ಬೇರಿಂಗಿನ ಮೇಲಿದ್ದ ಸರಾಸರಿ ಭಾರವಾದರೋ ಚದರ ಅಂಗುಲಕ್ಕೆ 100 ಪೌಂಡು ಮಾತ್ರ! ಅಂದರೆ ಲೋಹ ಲೋಹದ ಮೇಲೆ ಕುಳಿತಿರಲಿಲ್ಲ; ಎಣ್ಣೆಯ ಪೊರೆಯ ಮೇಲೆ ತೇಲುತ್ತಿತ್ತು. ವಿದ್ಯಾರ್ಥಿಗಳಿಗೆ ‘ರೆನಾಲ್ಡ್ಸ್ ಸಂಖ್ಯೆ’ಯಿಂದ ಪರಿಚಿತನಾದ ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ಇದರ ಗಣಿತವನ್ನು ಬಿಡಿಸಿಟ್ಟನು. ತಿರುಗುವ ಅಚ್ಚು ತನ್ನ ಸ್ನಿಗ್ಧತೆಯಿಂದ ಅಂಟಿಕೊಂಡ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿನೊಳಕ್ಕೆ ಎಳೆದೊಯ್ಯುತ್ತದೆ; ಅಲ್ಲಿ ಒತ್ತಡ ಏರುತ್ತದೆ. ಸ್ನಿಗ್ಧತೆ ಮತ್ತು ವೇಗ ಹೆಚ್ಚಿದಷ್ಟೂ ಪೊರೆ ದಪ್ಪ. ಭಾರ ಹೆಚ್ಚಿದಷ್ಟೂ ತೆಳು.

ಈಗ ನಮ್ಮ ಹಳೆಯ ಕಾರಿಗೆ ಬರೋಣ. ಕ್ರ್ಯಾಂಕ್ ದಂಡಕ್ಕೂ ಅದರ ಬೇರಿಂಗಿಗೂ ನಡುವಣ ಸಂದು ಹೊಸತರಲ್ಲಿ 0.04 ಮಿಲಿಮೀಟರು ಇದ್ದು, ಸವೆದು 0.06 ಆಯಿತೆಂದು ಇಟ್ಟುಕೊಳ್ಳಿ. ಕಿರಿದಾದ ಸಂದಿನಲ್ಲಿ ಸೋರುವ ಎಣ್ಣೆಯ ಪ್ರಮಾಣ ಸಂದಿನ ಅಗಲದ ಘನಕ್ಕೆ ಅನುಪಾತದಲ್ಲಿಯೂ ಸ್ನಿಗ್ಧತೆಗೆ ವಿಲೋಮವಾಗಿಯೂ ಇರುತ್ತದೆ. ಅಗಲ ಒಂದೂವರೆ ಪಟ್ಟಾದರೆ, ಅದೇ ಒತ್ತಡದಲ್ಲಿ ಸೋರಿಕೆ 1.5ರ ಘನ, ಎಂದರೆ ಸುಮಾರು 3.4 ಪಟ್ಟು. ಎಣ್ಣೆಯನ್ನು 30ರಿಂದ 40ಕ್ಕೆ ಏರಿಸಿದರೆ ಸ್ನಿಗ್ಧತೆ ಹೆಚ್ಚುವುದು ಸುಮಾರು 1.3 ಪಟ್ಟು, 50ಕ್ಕೇ ಹೋದರೂ 1.7 ಪಟ್ಟು. ಘನದೊಡನೆ ಮೊದಲ ಘಾತ ಸೆಣಸಬೇಕಾಗಿದೆ, ಗೆಲ್ಲುವುದೆಲ್ಲಿ? ಅಲ್ಪಸ್ವಲ್ಪ ಸವೆತವನ್ನು ಒಂದು ದರ್ಜೆಯ ಏರಿಕೆ ಸರಿದೂಗಿಸಬಲ್ಲದು, ಬಹಳ ಸವೆದದ್ದನ್ನು ಯಾವ ಎಣ್ಣೆಯೂ ಸರಿದೂಗಿಸದು.

ಮಂದ ಎಣ್ಣೆ ಹಾಕಿದೊಡನೆ ಒತ್ತಡಮಾಪಕದ ಮುಳ್ಳು ಏರಿತೆಂದು ಸಂತೋಷಪಡುವವರುಂಟು. ಮುಳ್ಳು ತೋರಿಸುವುದು ಎಣ್ಣೆ ಎದುರಿಸುವ ಅಡೆತಡೆಯನ್ನೇ ಹೊರತು, ಎಷ್ಟು ಎಣ್ಣೆ ಹರಿಯಿತೆಂಬುದನ್ನಲ್ಲ. ಒತ್ತಡ ಮಿತಿಮೀರಿದಾಗ ಪಂಪಿನ ಬಳಿಯ ಪರಿಹಾರ ಕವಾಟ ತೆರೆದುಕೊಂಡು ಎಣ್ಣೆಯ ಒಂದು ಪಾಲು ಬೇರಿಂಗುಗಳನ್ನು ತಲುಪದೆ ಹಿಂದಿರುಗುತ್ತದೆ. ಎಣ್ಣೆಯ ಇನ್ನೊಂದು ಕೆಲಸವಾದ ಶಾಖವನ್ನು ಹೊತ್ತೊಯ್ಯುವುದು ಅಲ್ಲಿಗೆ ಕುಂಟಿತು.

ಹಾಗಾದರೆ ಏರಿಸಬೇಕಾದದ್ದು ಯಾವಾಗ? ದೂರ ಓಡಿ ಚೆನ್ನಾಗಿ ಕಾದ ಎಂಜಿನ್ನು ನಿಧಾನಗತಿಯಲ್ಲಿ ನಿಂತಲ್ಲೇ ತಿರುಗುವಾಗ ವೇಗವೂ ಕಡಿಮೆ, ಸ್ನಿಗ್ಧತೆಯೂ ಕಡಿಮೆ. ಪೊರೆಗೆ ಅದು ಕಷ್ಟಕಾಲ. ಆಗ ಒತ್ತಡದ ಕೆಂಪು ದೀಪ ಮಿನುಗಿದರೆ ಎಂಜಿನ್ನನ್ನು ನಿಲ್ಲಿಸಿ, ಮೊದಲು ಎಣ್ಣೆಯ ಮಟ್ಟವನ್ನು ನೋಡಬೇಕು, ಮಾಪಕದಿಂದ ಒತ್ತಡವನ್ನು ಅಳೆಯಿಸಬೇಕು. ಎಣ್ಣೆಗೆ ಪೆಟ್ರೋಲು ಬೆರೆತು ತೆಳುವಾಗಿರಲೂಬಹುದು. ಮೂಗಿಗೆ ಹಿಡಿದರೆ ವಾಸನೆಯೇ ಹೇಳುತ್ತದೆ. ಇವೆಲ್ಲ ಸರಿಯಾಗಿದ್ದೂ ಒತ್ತಡ ತುಸು ಕಡಿಮೆಯಿದ್ದರೆ, ಅಥವಾ ಎಣ್ಣೆ ನಿಧಾನವಾಗಿ ಕಡಿಮೆಯಾಗುತ್ತಿದ್ದರೆ, ಕೈಪಿಡಿಯಲ್ಲಿ ನಮ್ಮ ಹವೆಗೆ ಒಪ್ಪಿರುವ ದರ್ಜೆಗಳ ಪೈಕಿ ಒಂದು ಮೆಟ್ಟಿಲು ಮೇಲಿನದನ್ನು ಹಾಕುವುದು ಯುಕ್ತ. 10ಡಬ್ಲ್ಯು-30 ಇದ್ದಲ್ಲಿ 10ಡಬ್ಲ್ಯು-40. ಏಕಾಏಕಿ 20ಡಬ್ಲ್ಯು-50 ಅಲ್ಲ. ಕವಾಟಗಳ ಕಾಲವನ್ನು ಎಣ್ಣೆಯ ಒತ್ತಡದಿಂದಲೇ ಬದಲಿಸುವ ಈಚಿನ ಎಂಜಿನ್ನುಗಳಲ್ಲಿ ಕೈಪಿಡಿಯ ಮಿತಿಯನ್ನು ದಾಟುವುದು ಅಪಾಯಕರ. ಯಾವ ತೊಂದರೆಯೂ ಇಲ್ಲದ ಎಂಜಿನ್ನಿಗೆ, ಅದು ಎಷ್ಟು ಲಕ್ಷ ಓಡಿದ್ದರೂ, ಮೊದಲಿನ ಎಣ್ಣೆಯೇ ಸಾಕು.

ನೀಲಿ ಹೊಗೆಯ ವಿಷಯ ಬೇರೆ. ರಾತ್ರಿಯೆಲ್ಲ ನಿಂತ ಕಾರು ಬೆಳಿಗ್ಗೆ ಹೊರಟಾಗ ಮಾತ್ರ ಒಮ್ಮೆ ನೀಲಿ ಹೊಗೆ ಬಂದು ನಿಂತರೆ, ಕವಾಟದ ದಂಡಿನ ರಬ್ಬರು ಸೀಲುಗಳು ಗಡುಸಾಗಿರುವ ಸಂಭವ ಹೆಚ್ಚು. ಅವನ್ನು ಬದಲಿಸುವ ಖರ್ಚು ಮಿತವಾದದ್ದು. ಏರು ಹತ್ತುವಾಗ ಎಡೆಬಿಡದೆ ಬಂದರೆ ಪಿಸ್ಟನ್ನಿನ ರಿಂಗುಗಳನ್ನು ಸಂಶಯಿಸಬೇಕು. ಹಳೆಯ ಕಾರನ್ನು ಕೊಳ್ಳಹೋಗುವವರು ಇದನ್ನು ವಿಶೇಷವಾಗಿ ನೆನಪಿಡಬೇಕು: ಮಾರುವ ಮುನ್ನ ಮಂದ ಎಣ್ಣೆ ತುಂಬಿದರೆ ಹೊಗೆಯೂ ಬಡಿತದ ಸದ್ದೂ ಕೆಲವು ದಿನ ಅಡಗಿರುತ್ತವೆ. ಸಿಲಿಂಡರುಗಳ ಸಂಪೀಡನ ಒತ್ತಡವನ್ನು ಒಂದೊಂದಾಗಿ ಅಳೆಯಿಸಿ. ಒಂದರಲ್ಲಿ ಕಡಿಮೆ ಬಂದರೆ ಅದರೊಳಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಿಸಿ. ಮುಳ್ಳು ಈಗ ಗಮನಾರ್ಹವಾಗಿ ಏರಿದರೆ ದೋಷ ರಿಂಗುಗಳಲ್ಲಿದೆ. ಏರದಿದ್ದರೆ ಕವಾಟಗಳಲ್ಲಿಯೋ ತಲೆಯ ಗ್ಯಾಸ್ಕೆಟ್ಟಿನಲ್ಲಿಯೋ ಹುಡುಕಬೇಕು.