ದಿವಾಳಿ ಅರ್ಜಿ ಈಗಲೇ ಬೇಡ

ಪ್ರಶ್ನೆ: ಮಾಕಣಿಯಲ್ಲಿ ಮೋಟಾರು, ಪೈಪುಗಳ ಅಂಗಡಿ ಇಟ್ಟಿದ್ದೆ. ಸೋಯಾ ಕೈಕೊಟ್ಟಿತು, ರೈತರಿಗೆ ಕೊಟ್ಟ ಉದ್ರಿ ವಸೂಲಾಗಲಿಲ್ಲ, ಅಂಗಡಿ ಮುಚ್ಚಿದೆ. ಬ್ಯಾಂಕು, ಪತಸಂಸ್ಥೆ, ಒಬ್ಬ ಸಾವಕಾರ, ಮೂವರದೂ ಬಾಕಿ ಇದೆ. ಪತಸಂಸ್ಥೆಯ ಸಾಲಕ್ಕೆ ಅಣ್ಣ ಜಾಮೀನು. ನನಗೀಗ 27, ಬಿ.ಕಾಂ. ಆಗಿದೆ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ, ಪುಣೆಯ ಕಂಪನಿಗಳಿಗೂ ಅರ್ಜಿ ಹಾಕಿದ್ದೇನೆ. ‘ಕೋರ್ಟಿನಲ್ಲಿ ದಿವಾಳಿ ತೆಗೆದುಬಿಡು, ಎಲ್ಲ ಹರಿದುಹೋಗುತ್ತದೆ’ ಎನ್ನುತ್ತಾರೆ ಸೋದರಮಾವ. ಆಮೇಲೆ ನನಗೆ ಯಾರು ಕೆಲಸ ಕೊಡುತ್ತಾರೆ?

ಉತ್ತರ: ಕೊಡುವವರಿದ್ದಾರೆ, ಧೈರ್ಯಗೆಡಬೇಡಿ. ಉದ್ರಿ ಕೊಟ್ಟು ಕೈ ಸುಟ್ಟುಕೊಂಡವರು ಉಮರ್ಗಾದಿಂದ ಉದಗೀರದವರೆಗೆ ಪ್ರತಿ ಪೇಟೆಯಲ್ಲೂ ಸಿಗುತ್ತಾರೆ. ಕೈಲಾಗದೆ ಸಾಲ ಉಳಿಸಿಕೊಂಡದ್ದು ಅಪರಾಧವಲ್ಲ. ಆದರೆ ಮಾವನವರ ಮಾತು ಕೇಳಿ ಈಗಲೇ ಅರ್ಜಿ ಹಾಕಬೇಡಿ.

2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗಾಗಿ ಬರೆದ ಭಾಗ ಜಾರಿಗೆ ಬಂದಿರುವುದು ಕಂಪನಿ ಸಾಲಗಳಿಗೆ ಜಾಮೀನು ನಿಂತವರಿಗೆ ಮಾತ್ರ. ನಿಮ್ಮಂಥವರಿಗೆ ಇರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಅದರ ಪ್ರಕಾರ ಕೋರ್ಟು ನಿಮ್ಮನ್ನು ದಿವಾಳಿ ಎಂದು ಘೋಷಿಸಿದರೆ ಹೆಸರು, ವಿಳಾಸ ಸರ್ಕಾರಿ ಗೆಜೆಟ್‌ನಲ್ಲಿ ಅಚ್ಚಾಗುತ್ತದೆ, ಆಸ್ತಿ ಕೋರ್ಟಿನ ವಶಕ್ಕೆ ಹೋಗುತ್ತದೆ. ಬಿಡುಗಡೆಯ ಆದೇಶ ಸಿಗುವ ತನಕ ಕಂಪನಿಯೊಂದರ ನಿರ್ದೇಶಕರಾಗುವಂತಿಲ್ಲ, ಗ್ರಾಮ ಪಂಚಾಯಿತಿ ಚುನಾವಣೆಗೂ ನಿಲ್ಲುವಂತಿಲ್ಲ. ಅಡವು ಇಟ್ಟ ಆಸ್ತಿಯ ಮೇಲೆ ಬ್ಯಾಂಕಿನ ಹಕ್ಕು ಹಾಗೇ ಉಳಿಯುತ್ತದೆ. ಮಾವನವರಿಗೆ ಬಹುಶಃ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ನಿಮಗೆ ಬಿಡುಗಡೆ ಸಿಕ್ಕರೂ ಜಾಮೀನುದಾರನಿಗೆ ಸಿಗುವುದಿಲ್ಲ. ಪತಸಂಸ್ಥೆಯವರು ಮಹಾರಾಷ್ಟ್ರದ ಸಹಕಾರ ಕಾಯ್ದೆಯ 101ನೇ ಕಲಮಿನಡಿ ವಸೂಲಿ ದಾಖಲೆ ತಂದು ನೇರವಾಗಿ ಅಣ್ಣನ ಮನೆ ಬಾಗಿಲಿಗೆ ಬರಬಹುದು.

ಇನ್ನು ನೌಕರಿ. ಬ್ಯಾಂಕ್ ಕೆಲಸವೇ ಬೇಕೆಂದರೆ ನಿಮ್ಮ ದಾರಿಗೆ ಅಡ್ಡ ಬರುವುದು ಸಿಬಿಲ್, ಅಂದರೆ ನಿಮ್ಮ ಸಾಲದ ಇತಿಹಾಸದ ವರದಿ. ಐಬಿಪಿಎಸ್ ಬ್ಯಾಂಕ್ ಪರೀಕ್ಷೆಯ ಮೂಲಕ ಆಯ್ಕೆಯಾದವರು ಸೇರುವ ಹೊತ್ತಿಗೆ ಸಾಲದ ದಾಖಲೆ ಸರಿ ಇರಬೇಕು. ಇಲ್ಲದಿದ್ದರೆ ಸಾಲ ಕೊಟ್ಟವರಿಂದ ಬಾಕಿ ಇಲ್ಲವೆಂಬ ಪತ್ರ ತರಬೇಕು. ಸ್ಟೇಟ್ ಬ್ಯಾಂಕ್ ಇನ್ನೂ ಬಿಗಿ. ಆಯ್ಕೆಯಾದ ಅಭ್ಯರ್ಥಿಯೊಬ್ಬರ ನೇಮಕವನ್ನು ಅದು ಸಿಬಿಲ್ ವರದಿ ನೋಡಿ ರದ್ದು ಮಾಡಿತು. ‘ಬಾಕಿಯೆಲ್ಲ ತೀರಿಸಿದ್ದೇನೆ’ ಎಂದು ಅವರು ವಾದಿಸಿದರೂ ಮದ್ರಾಸ್ ಹೈಕೋರ್ಟ್ 2025ರ ಜೂನ್‌ನಲ್ಲಿ ಬ್ಯಾಂಕಿನ ಪರವಾಗಿಯೇ ತೀರ್ಪು ಕೊಟ್ಟಿತು. ಹೊಟ್ಟೆಗಾಗಿ ಕೆಲಸ ಹುಡುಕುವವನಿಗೆ ಹಳೆಯ ಬಾಕಿ ತೋರಿಸಿ ಬಾಗಿಲು ಹಾಕಿದರೆ ಅವನು ಸಾಲ ತೀರಿಸುವುದಾದರೂ ಹೇಗೆ? ಈ ನಿಯಮ ನನಗೆ ನ್ಯಾಯವೆನಿಸುವುದಿಲ್ಲ. ಆದರೂ ಇವತ್ತು ಅದು ಜಾರಿಯಲ್ಲಿದೆ, ನೀವು ಲೆಕ್ಕಕ್ಕೆ ಹಿಡಿಯಲೇಬೇಕು.

ಆದ್ದರಿಂದ ಮೊದಲು ಸಿಬಿಲ್ ವರದಿ ತೆಗೆಸಿ ನೋಡಿ, ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ಕೈಗೆ ಬಂದ ಮೊದಲ ದುಡ್ಡು ಬ್ಯಾಂಕಿಗೇ ಹೋಗಲಿ. ಅರ್ಧ ಕಟ್ಟಿಸಿಕೊಂಡು ಮುಗಿಸುತ್ತೇವೆ ಎಂದು ಬ್ಯಾಂಕಿನವರು ಕರೆದರೆ ವರದಿಯಲ್ಲಿ ‘ಕ್ಲೋಸ್ಡ್’ ಎಂದು ಬರೆಯುತ್ತಾರೋ ‘ಸೆಟಲ್ಡ್’ ಎಂದೋ ಮೊದಲೇ ಕೇಳಿ. ‘ಸೆಟಲ್ಡ್’ ಅಂದರೆ ಪೂರ್ತಿ ತೀರಲಿಲ್ಲ ಎಂದೇ ಓದುತ್ತಾರೆ. ದುಡ್ಡು ಕೊಟ್ಟರೆ ಸಿಬಿಲ್ ತೊಳೆದುಕೊಡುತ್ತೇವೆ ಎನ್ನುವ ಏಜೆಂಟರನ್ನು ಹೊಸಿಲು ದಾಟಲು ಬಿಡಬೇಡಿ. ವರದಿಯಲ್ಲಿ ತಪ್ಪಿದ್ದರೆ ನೀವೇ ದೂರು ಕೊಡಿ, 30 ದಿನದೊಳಗೆ ಇತ್ಯರ್ಥ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೇ ಬರಬೇಕು.

ಪುಣೆಯ ಕಾರ್ಖಾನೆ, ಗೋದಾಮು, ಅಂಗಡಿಗಳ ಕೆಲಸಕ್ಕೆ ಸಾಮಾನ್ಯವಾಗಿ ಸಿಬಿಲ್ ಕೇಳುವುದಿಲ್ಲ. ಹಣ ಎಣಿಸುವ ಕೆಲಸಗಳಲ್ಲಿ ಕೇಳಬಹುದು. ಸಾವಕಾರರಿಗೆ ಕೊಟ್ಟ ಚೆಕ್ ಬೌನ್ಸ್ ಆಗಿ 138ನೇ ಕಲಮಿನ ಕೇಸು ಬಿದ್ದಿದ್ದರೆ ಅದು ಕ್ರಿಮಿನಲ್ ಪ್ರಕರಣ. ಅರ್ಜಿಯಲ್ಲಿ ಕೇಸಿನ ಬಗ್ಗೆ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಬಚ್ಚಿಟ್ಟದ್ದು ಪೊಲೀಸ್ ಪರಿಶೀಲನೆಯಲ್ಲಿ ಹೊರಬಿದ್ದು ಕೆಲಸ ಕಳೆದುಕೊಂಡವರುಂಟು.

‘ಸಂಬಳ ಬಂದರೂ ಜಪ್ತಿಯಾಗುತ್ತದೆ’ ಎಂಬ ಹೆದರಿಕೆಯೂ ನಿಮಗಿದ್ದರೆ ಅದಕ್ಕೆ ಅಂಕೆಯಲ್ಲೇ ಉತ್ತರ ಹೇಳುತ್ತೇನೆ. ಕೋರ್ಟಿನ ಡಿಕ್ರಿ ಇದ್ದರೂ ಸಂಬಳದ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರನೆಯ ಎರಡು ಭಾಗ ಮುಟ್ಟುವಂತಿಲ್ಲ. 19,000 ಸಂಬಳವಿದ್ದರೆ 13,000 ನಿಮ್ಮ ಕೈಗೆ ಬರಲೇಬೇಕು. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಕಡಿತವಾದ ಮೇಲೆ ಅದು ನಿಲ್ಲಬೇಕು.

ಸಾವಕಾರರ ಬಳಿ ಪರವಾನಗಿ ಇದೆಯೇ ವಿಚಾರಿಸಿ. ಮಹಾರಾಷ್ಟ್ರದ 2014ರ ಸಾವಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಬಡ್ಡಿ ವ್ಯವಹಾರ ಮಾಡುವಂತಿಲ್ಲ. ಹೊಲ ಬರೆಸಿಕೊಂಡಿದ್ದರೆ ಸಹಕಾರ ಖಾತೆಯ ಸಹಾಯಕ ನಿಬಂಧಕರಿಗೆ ದೂರು ಕೊಡಬಹುದು.

ಇವತ್ತೇ ಒಂದು ಹಾಳೆಯಲ್ಲಿ ಮೂವರ ಬಾಕಿ, ನಿಮಗೆ ಬರಬೇಕಾದ ಉದ್ರಿ, ಎರಡನ್ನೂ ಬರೆಯಿರಿ. ಅಣ್ಣನನ್ನು ಕರೆದುಕೊಂಡು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಬ್ಯಾಂಕು ಮತ್ತು ಪತಸಂಸ್ಥೆಯನ್ನು ಲೋಕ ಅದಾಲತ್‌ಗೆ ಕರೆಸಲು ಕೇಳಿ. ಕಂತು ಕಟ್ಟುವ ಒಪ್ಪಂದ ಅಲ್ಲಿ ಕುದುರದಿದ್ದರೆ ದಿವಾಳಿ ಅರ್ಜಿಯ ಮಾತು ಆಮೇಲೆ ವಕೀಲರ ಮುಂದೆ ತೆಗೆಯೋಣ.